ಯೇಸುವನ್ನು ಅವರೂ ನಂಬುತ್ತಾರಲ್ಲ, ಹಾಗಾದರೆ ವ್ಯತ್ಯಾಸವೇನು?

ಡಿಸೆಂಬರ್ ತಿಂಗಳಲ್ಲಿ ಮನೆಯ ಅಂಗಳದಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿದಾಗ ನೋಡಲು ಬರುವ ಸ್ನೇಹಿತರಲ್ಲಿ ಒಬ್ಬರಾದರೂ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ: "ಮಾಷ್ಟ್ರೇ, ಮುಸ್ಲಿಮರೂ ಯೇಸುವನ್ನು ನಂಬುತ್ತಾರಂತಲ್ಲ? ಮತ್ತೆ ನಿಮಗೂ ಅವರಿಗೂ ಇರುವ ವ್ಯತ್ಯಾಸವೇನು?" ಕೇಳುವವರು ಹೆಚ್ಚಾಗಿ ಹಿಂದೂ ಗೆಳೆಯರು, ಕೆಲವೊಮ್ಮೆ ನನ್ನ ಹಳೆಯ ವಿದ್ಯಾರ್ಥಿಗಳು. ಅಂಗಳದಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಕರಾವಳಿಯ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಆ ನಂಬಿಕೆಯಲ್ಲೇ ಬಾಳುತ್ತಿರುವವನು ಎಂಬುದನ್ನು ಮೊದಲೇ ತಿಳಿಸಬೇಕು. ಬೇಲಿಯಾಚೆಗಿನ ಮನೆ ಕರಾವಳಿಯ ಮುಸ್ಲಿಮರಾದ ಬ್ಯಾರಿ ಕುಟುಂಬದ್ದು. ಅವರ ನಂಬಿಕೆಯನ್ನು ವಿವರಿಸುವಾಗ, ಅದನ್ನು ಓದಿದ ಆ ಮನೆಯ ಹಿರಿಯರು "ಹೌದು, ನಾವು ನಂಬುವುದು ಇದನ್ನೇ" ಎನ್ನುವಂತಿರಬೇಕು ಎಂಬುದು ನಾನು ಹಾಕಿಕೊಂಡ ಕಟ್ಟಳೆ.

ಪ್ರಶ್ನೆಯ ಮೊದಲರ್ಧ ಸಂಪೂರ್ಣ ಸತ್ಯ. ಕುರ್‌ಆನಿನಲ್ಲಿ ಯೇಸುವಿನ ಹೆಸರು ಈಸಾ ಎಂಬ ರೂಪದಲ್ಲಿ 25 ಬಾರಿ ಬರುತ್ತದೆ. ಮುಹಮ್ಮದ್ ಎಂಬ ಹೆಸರು ಬರುವುದು ನಾಲ್ಕೇ ಬಾರಿ. ಈಸಾ ಕನ್ಯೆಯಾದ ಮರ್ಯಮರಲ್ಲಿ ಹುಟ್ಟಿದವರು, ಮಸೀಹ (ಅಭಿಷಿಕ್ತ) ಎಂಬ ಬಿರುದುಳ್ಳವರು, ಅಲ್ಲಾಹನ ಅನುಮತಿಯಿಂದ ಕುರುಡರಿಗೆ ಕಣ್ಣು ಕೊಟ್ಟವರು, ಸತ್ತವರನ್ನು ಎಬ್ಬಿಸಿದವರು ಎಂದು ಅದು ಹೇಳುತ್ತದೆ. 19ನೆಯ ಅಧ್ಯಾಯಕ್ಕೆ ಮರ್ಯಮರ ಹೆಸರೇ ಇದೆ. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಲಾದ ಸ್ತ್ರೀ ಅವರೊಬ್ಬರೇ. ಒಬ್ಬನೇ ಸೃಷ್ಟಿಕರ್ತ, ಪ್ರವಾದಿಗಳು, ದೇವದೂತರು, ಅಂತಿಮ ತೀರ್ಪಿನ ದಿನ, ಸ್ವರ್ಗ, ನರಕ ಇವೆಲ್ಲ ಎರಡೂ ಕಡೆ ಇವೆ. ನಮ್ಮ ಕನ್ನಡದಲ್ಲಂತೂ ಬೈಬಲಿನ ಯೆಶಾಯನನ್ನೂ ಇಸ್ಲಾಮಿನ ಮುಹಮ್ಮದರನ್ನೂ ಕರೆಯಲು ಬಳಸುವ ಪದ ಒಂದೇ: ಪ್ರವಾದಿ. 'ಅಲ್ಲಾಹ್' ಎಂಬುದು ಬೇರೊಬ್ಬ ದೇವರ ಹೆಸರೆಂದು ತಿಳಿದವರು ನಮ್ಮ ಕ್ರೈಸ್ತ ಸಭೆಗಳಲ್ಲೂ ಇದ್ದಾರೆ. ಆದರೆ ಲೆಬನಾನ್, ಸಿರಿಯಾ, ಈಜಿಪ್ಟುಗಳ ಅರಬ್ಬೀ ಮಾತಾಡುವ ಕ್ರೈಸ್ತರು ತಮ್ಮ ಬೈಬಲಿನಲ್ಲಿ ಓದುವ ಪದವೂ ಅದೇ.

ಇಷ್ಟು ಹತ್ತಿರವಿರುವುದರಿಂದಲೇ ಅಗಲುವ ಜಾಗವನ್ನು ಗುರುತಿಸುವುದು ಕಷ್ಟವಾಗುತ್ತದೆ. ಹಂದಿಮಾಂಸ, ಮದ್ಯ, ಉಪವಾಸದ ಕ್ರಮ, ಶುಕ್ರವಾರ ಮತ್ತು ಭಾನುವಾರ ಎಂದು ಜನರು ಹೊರಗೆ ಕಾಣುವುದನ್ನು ಎಣಿಸುತ್ತಾರೆ. ಅವು ವ್ಯತ್ಯಾಸಗಳೇ, ಆದರೆ ಬೇರಿನಲ್ಲಿರುವಂಥವಲ್ಲ. ನನ್ನ ತಿಳಿವಳಿಕೆಯಲ್ಲಿ ಬೇರಿನ ವ್ಯತ್ಯಾಸ ಇರುವುದು ಶಿಲುಬೆಯಲ್ಲಿ.

ಯೆರೂಸಲೇಮಿನ ಹೊರಗೆ, ರೋಮನ್ ಅಧಿಪತಿ ಪೊಂತ್ಯ ಪಿಲಾತನ ಆಜ್ಞೆಯಂತೆ, ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಅತ್ಯಂತ ಹೀನ ಶಿಕ್ಷೆಯಿಂದ ಯೇಸು ಸತ್ತನು, ಮೂರನೆಯ ದಿನ ಎದ್ದು ಬಂದನು ಎಂಬುದು ಕ್ರೈಸ್ತ ನಂಬಿಕೆಯ ಎದೆ. ನಾಲ್ಕು ಸುವಾರ್ತೆಗಳೂ ಯೇಸುವಿನ ಬದುಕಿನ ಕೊನೆಯ ವಾರಕ್ಕೆ ಕೊಡುವಷ್ಟು ಜಾಗವನ್ನು ಬೇರಾವ ವಾರಕ್ಕೂ ಕೊಡುವುದಿಲ್ಲ. ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ವ್ಯರ್ಥವೆಂದು ಸಂತ ಪೌಲನು ಕೊರಿಂಥದವರಿಗೆ ಬರೆದನು. ಆದರೆ ಕುರ್‌ಆನಿನ 4ನೆಯ ಅಧ್ಯಾಯದ 157ನೆಯ ವಚನದ ತಾತ್ಪರ್ಯವೆಂದರೆ, ಅವರು ಈಸಾರನ್ನು ಕೊಲ್ಲಲಿಲ್ಲ, ಶಿಲುಬೆಗೂ ಏರಿಸಲಿಲ್ಲ, ಅವರಿಗೆ ಹಾಗೆ ತೋರುವಂತೆ ಮಾಡಲಾಯಿತು. ಬೇರೊಬ್ಬನಿಗೆ ಈಸಾರ ರೂಪ ಬಂದು ಅವನು ಶಿಲುಬೆಗೇರಿದನೆಂದು ಬಹುಪಾಲು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಮುಂದಿನ ವಚನದಂತೆ ಅಲ್ಲಾಹನು ಈಸಾರನ್ನು ತನ್ನೆಡೆಗೆ ಎತ್ತಿಕೊಂಡನು.

ಬಹಳ ಕಾಲ ನಾನು ಇದನ್ನು ಯೇಸುವಿನ ಬಗೆಗಿನ ಅನಾದರವೆಂದೇ ಭಾವಿಸಿದ್ದೆ. ಯೇಸುವಿನ ಸಾವನ್ನು ನೆನೆಯುವ ಒಂದು ಶುಭ ಶುಕ್ರವಾರ ನಾನು ಇಗರ್ಜಿಯಿಂದ ಹಿಂತಿರುಗುತ್ತಿದ್ದಾಗ ಪಕ್ಕದ ಮನೆಯ ಹಿರಿಯರು ಬೇಲಿಯ ಬಳಿ ನಿಲ್ಲಿಸಿ ಕೇಳಿದ ಒಂದು ಮಾತು ಆ ಎಣಿಕೆಯನ್ನು ಕಳಚಿತು: "ಮಾಷ್ಟ್ರೇ, ಅಷ್ಟು ಪರಿಶುದ್ಧರಾದ ಪ್ರವಾದಿಯನ್ನು ಅಲ್ಲಾಹನು ಅಂಥ ಸಾವಿಗೆ ಬಿಟ್ಟುಕೊಟ್ಟಾನೆಯೇ?" ಅವರು ಶಿಲುಬೆಯನ್ನು ಒಪ್ಪದಿರುವುದು ಈಸಾರ ಮೇಲಿನ ಗೌರವದಿಂದ, ದೇವರು ತನ್ನ ಪ್ರವಾದಿಯ ಕೈಬಿಡುವುದಿಲ್ಲ ಎಂಬ ಭರವಸೆಯಿಂದ. ನನ್ನ ನಂಬಿಕೆಯಾದರೋ ಆ ಅವಮಾನದೊಳಗೇ ದೇವರ ಪ್ರೀತಿಯನ್ನು ಕಾಣುತ್ತದೆ: ದೇವರು ನೋವಿನಿಂದ ದೂರ ನಿಂತವನಲ್ಲ, ಅದರೊಳಗೆ ಇಳಿದು ಬಂದವನು. ದೇವರ ಮಹಿಮೆ ಎಂಬ ಒಂದೇ ಮಾತನ್ನು ನಾವಿಬ್ಬರೂ ಆಡುತ್ತೇವೆ, ಆದರೆ ಅವರಿಗೆ ಆ ಮಹಿಮೆ ಕಾಣುವುದು ಪ್ರವಾದಿಯ ರಕ್ಷಣೆಯಲ್ಲಿ, ನಮಗೆ ಕಾಣುವುದು ಕ್ರಿಸ್ತನ ಆತ್ಮಾರ್ಪಣೆಯಲ್ಲಿ.

ಶಿಲುಬೆ ಏಕೆ ಬೇಕಾಯಿತು ಎಂದು ಕೇಳಿದರೆ ಮಾತು ಮನುಷ್ಯನ ಸ್ಥಿತಿಗೆ ಬರುತ್ತದೆ. ಆದಾಮನ ಕಥೆ ಎರಡೂ ಗ್ರಂಥಗಳಲ್ಲಿದೆ. ಕುರ್‌ಆನಿನ ಪ್ರಕಾರ ಆದಾಮರು ತಪ್ಪಿದರು, ಪಶ್ಚಾತ್ತಾಪಪಟ್ಟರು, ಅಲ್ಲಾಹನು ಕ್ಷಮಿಸಿದನು. ಅಲ್ಲಿಗೆ ಆ ತಪ್ಪಿನ ಲೆಕ್ಕ ಮುಗಿಯಿತು. ಹುಟ್ಟುವ ಪ್ರತಿ ಮಗುವೂ ಫಿತ್ರತ್ ಎನ್ನಲಾಗುವ ಶುದ್ಧ ಸಹಜ ಸ್ವಭಾವದಲ್ಲೇ ಹುಟ್ಟುತ್ತದೆ. ಮನುಷ್ಯನು ದುರ್ಬಲನು, ಮರೆಗುಳಿ; ಅವನಿಗೆ ಬೇಕಾದದ್ದು ನೆನಪಿಸುವವರು ಮತ್ತು ದಾರಿ. ಆದ್ದರಿಂದ ಪ್ರವಾದಿಗಳು ಬಂದರು, ಗ್ರಂಥಗಳು ಇಳಿದವು, ಬದುಕಿನ ಕಟ್ಟಳೆಯಾದ ಶರೀಅತ್ ಬಂತು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು 6ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದೆ. ಕ್ರೈಸ್ತರ ತಿಳಿವಳಿಕೆಯಲ್ಲಿ ಆದಾಮನೊಂದಿಗೆ ಮುರಿದದ್ದು ಮನುಷ್ಯಕುಲದ ಸ್ವಭಾವವೇ. 4ನೆಯ ಶತಮಾನದಲ್ಲಿ ಹುಟ್ಟಿದ ಸಂತ ಅಗಸ್ಟೀನನು ಪಶ್ಚಿಮದ ಸಭೆಗಳಿಗೆ ಇದನ್ನು ಜನ್ಮಪಾಪದ ಬೋಧನೆಯಾಗಿ ಬಿಡಿಸಿ ಹೇಳಿದನು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಆದಾಮನ ಅಪರಾಧವೇ ನಮಗೆ ಬಂದಿದೆ ಎನ್ನದೆ, ಅದರ ಫಲವಾದ ಸಾವಿಗೆ ನಾವು ಗುರಿಯಾಗಿದ್ದೇವೆ ಎನ್ನುತ್ತವೆ. ಹೇಗೇ ಹೇಳಲಿ, ರೋಗಿಗೆ ಪಥ್ಯದ ಪಟ್ಟಿ ಮಾತ್ರ ಸಾಲದು, ವೈದ್ಯನೇ ಬಂದು ಮುಟ್ಟಬೇಕು ಎಂಬುದು ಕ್ರೈಸ್ತ ಬೋಧನೆಯ ಸಾರ. ಇನ್ನೊಬ್ಬರ ಹೊರೆಯನ್ನು ಹೊತ್ತವನೊಬ್ಬನಿದ್ದಾನೆ ಎಂಬುದೇ ನಮ್ಮ ಸುವಾರ್ತೆ.

ಎರಡು ಪ್ರಾರ್ಥನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ದಿನದ ಐದು ಕಡ್ಡಾಯ ನಮಾಜುಗಳಲ್ಲಿ ನಿಂತು, ಬಾಗಿ, ಹಣೆಯನ್ನು ನೆಲಕ್ಕೆ ಹಚ್ಚುವ ಸುತ್ತುಗಳಾದ ಒಟ್ಟು 17 ರಕಅತ್‌ಗಳಿವೆ. ಪ್ರತಿಯೊಂದರಲ್ಲೂ ಕುರ್‌ಆನಿನ ಮೊದಲನೆಯದಾದ ಫಾತಿಹಾ ಅಧ್ಯಾಯವಿದೆ. ಅದರ ನಡುವಿನ ಬೇಡಿಕೆ "ನಮ್ಮನ್ನು ನೇರವಾದ ದಾರಿಯಲ್ಲಿ ನಡೆಸು" ಎಂಬುದು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವುದು ಅನ್ನವನ್ನು, ಕ್ಷಮೆಯನ್ನು, ಕೇಡಿನಿಂದ ಬಿಡುಗಡೆಯನ್ನು. ಇಸ್ಲಾಮಿನಲ್ಲಿ ಕ್ಷಮೆಗೆ ಕೊರತೆಯಿದೆ ಎಂದು ಯಾರೂ ಇದರಿಂದ ತಿಳಿಯಬಾರದು: ಕುರ್‌ಆನಿನ 114 ಅಧ್ಯಾಯಗಳಲ್ಲಿ ಒಂದನ್ನುಳಿದು ಎಲ್ಲವೂ ಪರಮ ದಯಾಮಯನೂ ಕರುಣಾನಿಧಿಯೂ ಆದವನ ಹೆಸರಿನಿಂದಲೇ ಆರಂಭವಾಗುತ್ತವೆ. ಆದರೆ ನಮ್ಮ ಪ್ರಾರ್ಥನೆಯ ಮೊದಲ ಸಂಬೋಧನೆಯನ್ನು ಗಮನಿಸಿ: "ಪರಲೋಕದಲ್ಲಿರುವ ನಮ್ಮ ತಂದೆಯೇ." ಮುಸ್ಲಿಮರು ಎಣಿಸುವ ಅಲ್ಲಾಹನ 99 ಸುಂದರ ನಾಮಗಳಲ್ಲಿ 'ಪ್ರೀತಿಸುವವನು' ಎಂಬುದಿದೆ, 'ಕ್ಷಮಿಸುವವನು' ಎಂಬುದಿದೆ; 'ತಂದೆ' ಎಂಬುದು ಇಲ್ಲ. ದೇವರು ಹೆತ್ತವನೂ ಅಲ್ಲ, ಹುಟ್ಟಿದವನೂ ಅಲ್ಲ ಎಂಬ 112ನೆಯ ಅಧ್ಯಾಯದ ಘೋಷಣೆಯನ್ನು ಪುಟ್ಟ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ನಮಗೆ ಅತ್ಯಂತ ಆಪ್ತವಾದ ಸಂಬೋಧನೆ ಅವರಿಗೆ ಸೃಷ್ಟಿಕರ್ತನ ಘನತೆಗೆ ಹೊಂದದ ಮಾತು.

ಇಲ್ಲಿಂದ ತ್ರಯೈಕ್ಯದ ವಿಷಯ ಏಳುತ್ತದೆ. ಪಿತ, ಸುತ, ಪವಿತ್ರಾತ್ಮ ಎಂದಾಗ ಮೂವರು ದೇವರುಗಳೆಂದು ತಿಳಿಯುವವರು ಮುಸ್ಲಿಮರು ಮಾತ್ರವಲ್ಲ. ಬ್ರಹ್ಮ, ವಿಷ್ಣು, ಮಹೇಶ್ವರರ ತ್ರಿಮೂರ್ತಿಗಳಂತೆಯೇ ಎಂದು ಪ್ರೀತಿಯಿಂದ ಹೋಲಿಸಿ ಹೇಳುವ ಹಿಂದೂ ಗೆಳೆಯರೂ ಇದ್ದಾರೆ. ಸಭೆಯ ಬೋಧನೆ ಹಾಗಿಲ್ಲ. ದೇವರು ಒಬ್ಬನೇ, ಅವನ ಸತ್ವವೂ ಒಂದೇ. ಆದರೆ ಆ ಏಕತ್ವದೊಳಗೆ ಆದಿಯಿಂದಲೂ ಪ್ರೀತಿಯ ಸಂಬಂಧವಿದೆ ಎಂಬುದು ಅದರ ಹುರುಳು. 325ರ ನೈಸಿಯಾ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳು ಇದನ್ನು ವಿಶ್ವಾಸಪ್ರಮಾಣದ ಮಾತುಗಳಲ್ಲಿ ನಿಲ್ಲಿಸಿದವು. ಕುರ್‌ಆನಿನ 5ನೆಯ ಅಧ್ಯಾಯದಲ್ಲಿ ಅಲ್ಲಾಹನು ಈಸಾರನ್ನು, "ನನ್ನನ್ನೂ ನನ್ನ ತಾಯಿಯನ್ನೂ ದೇವರುಗಳನ್ನಾಗಿ ಮಾಡಿಕೊಳ್ಳಿರೆಂದು ನೀನು ಜನರಿಗೆ ಹೇಳಿದೆಯಾ?" ಎಂದು ವಿಚಾರಿಸುವ ಪ್ರಸಂಗವಿದೆ. ಮರಿಯಮ್ಮನವರು ದೇವರೆಂಬ ನಂಬಿಕೆ ನಮ್ಮಲ್ಲೂ ಇಲ್ಲ. ಆದರೂ ಇದು ಬರಿಯ ತಪ್ಪು ತಿಳಿವಳಿಕೆ, ಸರಿಯಾಗಿ ವಿವರಿಸಿದರೆ ಜಗಳವೇ ಇರುವುದಿಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಎಷ್ಟೇ ಸೂಕ್ಷ್ಮವಾಗಿ ವಿವರಿಸಿದರೂ, ದೇವರಿಗೆ ಯಾವುದನ್ನೂ ಸರಿಸಾಟಿಯಾಗಿಸಬಾರದೆಂಬ ತೌಹೀದಿನ ಮುಂದೆ ಯೇಸುವಿನ ಆರಾಧನೆ ಶಿರ್ಕ್ (ದೇವರಿಗೆ ಸಹಭಾಗಿಯನ್ನು ಕಲ್ಪಿಸುವ ಪಾಪ) ಆಗಿಯೇ ಉಳಿಯುತ್ತದೆ.

ಕನ್ನಡದ ಓದುಗರು ಇನ್ನೊಂದು ಪದದಿಂದ ದಾರಿ ತಪ್ಪುತ್ತಾರೆ: ಅವತಾರ. ದೇವರು ಮನುಷ್ಯನಾದ ಎಂದೊಡನೆ ನಮಗೆ ರಾಮ, ಕೃಷ್ಣರ ನೆನಪಾಗುತ್ತದೆ, ಕನ್ನಡದ ಕ್ರೈಸ್ತರು ಬಳಸುವ 'ಮನುಷ್ಯಾವತಾರ' ಎಂಬ ಪದವೂ ಅದಕ್ಕೆ ಇಂಬು ಕೊಡುತ್ತದೆ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಇದು ಯುಗಯುಗಗಳಲ್ಲಿ ಮರಳಿ ಮರಳಿ ನಡೆಯುವಂಥದ್ದಲ್ಲ, ಒಮ್ಮೆ ಮಾತ್ರ ಆದದ್ದು. ಯೇಸು ಹಸಿದದ್ದು, ಅತ್ತದ್ದು, ಸತ್ತದ್ದು ಯಾವುದೂ ಲೀಲೆಯಲ್ಲ. 451ರ ಖಾಲ್ಸಿಡಾನ್ ಮಹಾಸಭೆ ಅವನನ್ನು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಎಂದು ಕರೆದದ್ದು ಇದಕ್ಕಾಗಿಯೇ. ಅವತಾರದ ಕಲ್ಪನೆಗೆ ಒಗ್ಗಿದ ಮನಸ್ಸಿಗೆ ಕ್ರೈಸ್ತರ ಮಾತು ಬೇಗ ಹಿಡಿಸಿ, ಇಸ್ಲಾಮಿನ ನಿರಾಕರಣೆ ಶುಷ್ಕವಾಗಿ ಕಾಣಬಹುದು. ಅದು ಶುಷ್ಕವಲ್ಲ. ಯಾವ ರೂಪಕ್ಕೂ ಸಿಗದವನ ಮುಂದೆ ಹಣೆಯನ್ನು ನೆಲಕ್ಕೆ ಹಚ್ಚುವ ಭಕ್ತಿ ಎಂಥದೆಂದು ಬೆಳಗಿನ ನಸುಕಿನಲ್ಲಿ ನಮಾಜಿಗೆ ಹೊರಡುವ ನೆರೆಯವರನ್ನು ದಶಕಗಳಿಂದ ಕಂಡ ನಾನು ಬಲ್ಲೆ.

ಹೋಲಿಕೆ ಮಾಡುವವರೆಲ್ಲ ಯೇಸುವಿನ ಎದುರಿಗೆ ಮುಹಮ್ಮದರನ್ನೂ ಬೈಬಲಿನ ಎದುರಿಗೆ ಕುರ್‌ಆನನ್ನೂ ಇಡುತ್ತಾರೆ. ಈ ಜೋಡಣೆಯೇ ಸರಿಯಿಲ್ಲ. ದೇವರ ವಾಕ್ಯ ಮನುಷ್ಯನಾಯಿತೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಇಸ್ಲಾಮಿನಲ್ಲಿ ದೇವರ ವಾಕ್ಯ ಅರಬ್ಬೀ ಭಾಷೆಯ ಗ್ರಂಥವಾಗಿ ಇಳಿಯಿತು. ಆದ್ದರಿಂದ ಕ್ರಿಸ್ತನಿಗೆ ನಮ್ಮಲ್ಲಿರುವ ಸ್ಥಾನಕ್ಕೆ ಹತ್ತಿರವಾದದ್ದು ಅವರಲ್ಲಿ ಕುರ್‌ಆನಿಗಿದೆ. ಇದಕ್ಕೆ ಇತಿಹಾಸವೇ ಸಾಕ್ಷಿ. 4ನೆಯ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಆರಿಯಸ್ ಎಂಬ ಗುರು, ಸುತನೂ ಸೃಷ್ಟಿಯಾದವನೇ ಎಂದು ಬೋಧಿಸಿದಾಗ ಕ್ರೈಸ್ತ ಲೋಕ ಅಲುಗಾಡಿತು. ನೈಸಿಯಾ ಮಹಾಸಭೆ ಅದನ್ನು ತಿರಸ್ಕರಿಸಿತು. ಐನೂರು ವರ್ಷಗಳ ಬಳಿಕ, 833ರಲ್ಲಿ, ಬಾಗ್ದಾದಿನ ಖಲೀಫ ಅಲ್-ಮಾಮೂನ್ ಕುರ್‌ಆನ್ ಸೃಷ್ಟಿಯಾದದ್ದೆಂದು ಒಪ್ಪುವಂತೆ ವಿದ್ವಾಂಸರನ್ನು ಬಲವಂತಪಡಿಸಿದನು. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಒಪ್ಪದೆ, ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟು ತಿಂದರು. ಕೊನೆಗೆ ನಿಂತದ್ದು ಅವರ ಪಕ್ಷವೇ. ದೇವರ ವಾಕ್ಯ ಸೃಷ್ಟಿಯೋ ಅನಾದಿಯೋ ಎಂಬ ಒಂದೇ ಪ್ರಶ್ನೆ ಒಂದು ಕಡೆ ಒಬ್ಬ ವ್ಯಕ್ತಿಯ ಕುರಿತಾಗಿ, ಇನ್ನೊಂದು ಕಡೆ ಒಂದು ಗ್ರಂಥದ ಕುರಿತಾಗಿ ಎದ್ದಿತು.

ಇದರ ಪರಿಣಾಮ ನಮ್ಮ ಊರಿನಲ್ಲೂ ಕಾಣುತ್ತದೆ. ನಾನು ಓದುವ ಕನ್ನಡ ಬೈಬಲ್ ಬೈಬಲೇ. ಅದು ಗ್ರೀಕಿನಲ್ಲೋ ಹೀಬ್ರೂವಿನಲ್ಲೋ ಇದ್ದರೆ ಮಾತ್ರ ದೇವರ ವಾಕ್ಯವೆಂದು ನಾವು ಎಣಿಸುವುದಿಲ್ಲ. ಸುವಾರ್ತೆಗಳನ್ನು ಬರೆದವರು ಮನುಷ್ಯರು, ಪವಿತ್ರಾತ್ಮನು ಅವರನ್ನು ಪ್ರೇರಿಸಿದನು. ತಾನು ಎಲ್ಲವನ್ನೂ ವಿಚಾರಿಸಿ ಬರೆದೆನೆಂದು ಲೂಕನು ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಯೇಸು ತಾನಾಗಿ ಯಾವ ಪುಸ್ತಕವನ್ನೂ ಕೊಡಲಿಲ್ಲ. ಮುಸ್ಲಿಮರ ಪ್ರಕಾರವಾದರೆ ಈಸಾರಿಗೆ ಇಂಜೀಲ್ ಎಂಬ ಗ್ರಂಥ ಇಳಿದಿತ್ತು, ಈಗಿನ ಸುವಾರ್ತೆಗಳು ಅದರ ಮೂಲರೂಪವಲ್ಲ. ಕುರ್‌ಆನಿನ ಕನ್ನಡ ಅನುವಾದಗಳಿವೆ, ಅವನ್ನು ಅವರು ಆದರದಿಂದ ಓದುತ್ತಾರೆ, ಆದರೆ ಅವು ಅರ್ಥವಿವರಣೆಗಳು. ಮನೆಯಲ್ಲಿ ಬ್ಯಾರಿ ಭಾಷೆಯನ್ನೋ ಉರ್ದುವನ್ನೋ ಕನ್ನಡವನ್ನೋ ಆಡುವವರು ನಮಾಜಿನಲ್ಲಿ ಓದುವುದು ಅರಬ್ಬಿಯನ್ನೇ.

ಇನ್ನು ಮುಹಮ್ಮದರ ಬಗ್ಗೆ. ಮುಸ್ಲಿಮರಿಗೆ ಮುಹಮ್ಮದರು ಪ್ರವಾದಿಗಳ ಸಾಲಿನ ಕೊನೆಯವರು, ಆ ಸಾಲನ್ನು ಮುಗಿಸುವ ಮುದ್ರೆ. ಕ್ರೈಸ್ತರಿಗೆ ದೇವರ ಸ್ವಪ್ರಕಟನೆ ಕ್ರಿಸ್ತನಲ್ಲಿ ಪೂರ್ಣವಾಗಿದೆ, ಆದ್ದರಿಂದ ಆ ಸಾಲು ಮುಂದುವರಿಯುವುದಿಲ್ಲ. ಅವರು ನಿಮ್ಮ ಯೇಸುವನ್ನು ಗೌರವಿಸುವಂತೆ ನೀವು ಅವರ ಪ್ರವಾದಿಯನ್ನು ಏಕೆ ಒಪ್ಪುವುದಿಲ್ಲ ಎಂದು ಕೇಳುವವರಿಗೆ ನಾನು ಇಷ್ಟನ್ನೇ ಹೇಳಬಲ್ಲೆ: ಮುಹಮ್ಮದರ ಸಂದೇಶವನ್ನು ಪೂರ್ತಿಯಾಗಿ ಒಪ್ಪಿದರೆ ಶಿಲುಬೆಯನ್ನು ಬಿಡಬೇಕಾಗುತ್ತದೆ, ಅದನ್ನು ಬಿಟ್ಟ ಮೇಲೆ ನಾನು ಕ್ರೈಸ್ತನಾಗಿ ಉಳಿಯುವುದಿಲ್ಲ. ಆದರೆ ಗೌರವ ಬೇರೆ ಮಾತು. ಅದಕ್ಕೆ ನನಗೆ ಅಡ್ಡಿಯಿಲ್ಲ.

ಮುಸ್ಲಿಂ ಪರಂಪರೆಯಲ್ಲಿ ಬರುವ ಒಂದು ಕಥೆ ನನಗೆ ಬಹಳ ಪ್ರಿಯ. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಮೊದಲ ಮುಸ್ಲಿಮರ ಗುಂಪು 615ರ ಸುಮಾರಿಗೆ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಕ್ರೈಸ್ತ ರಾಜ ನಜಾಶಿಯ ಆಶ್ರಯ ಬೇಡಿತು. ರಾಜನ ಮುಂದೆ ಜಾಫರ್ ಎಂಬವರು ಮರ್ಯಮ್ ಅಧ್ಯಾಯವನ್ನು ಓದಿದರು, ರಾಜನು ಅತ್ತನು. ಬಳಿಕ ನೆಲದಿಂದ ಕಡ್ಡಿಯೊಂದನ್ನು ಎತ್ತಿಕೊಂಡು, ಯೇಸುವಿನ ಬಗ್ಗೆ ನೀವು ಹೇಳಿದ್ದಕ್ಕೂ ಸತ್ಯಕ್ಕೂ ಈ ಕಡ್ಡಿಯಷ್ಟೂ ಅಂತರವಿಲ್ಲ ಎಂದನು, ಅವರಿಗೆ ತನ್ನ ನಾಡಿನಲ್ಲಿ ನೆಲೆ ಕೊಟ್ಟನು. ನೆಲೆ ಕೊಟ್ಟದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಕಡ್ಡಿಯ ಲೆಕ್ಕವನ್ನು ಒಪ್ಪಲಾರೆ. ಜಾಫರರು ಅಂದು ಓದಿದ್ದು ಯೇಸುವಿನ ಹುಟ್ಟಿನ ಕಥೆಯನ್ನು. ಗೋದಲಿಯ ಮುಂದೆ ನಾವು ಹತ್ತಿರದವರೇ. ದೂರವಾಗುವುದು ಶುಭ ಶುಕ್ರವಾರದಂದು.

ಯೇಸು ಮರಳಿ ಬರುವನೆಂದು ಇಬ್ಬರೂ ಕಾಯುತ್ತಿದ್ದೇವೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಮುಹಮ್ಮದರ ನಡೆನುಡಿಗಳ ವರದಿಗಳಾದ ಹದೀಸುಗಳ ಪ್ರಕಾರ ಮರ್ಯಮರ ಮಗನು ಇಳಿದು ಬಂದು, ನ್ಯಾಯವಂತ ತೀರ್ಪುಗಾರನಾಗಿ, ಶಿಲುಬೆಯನ್ನು ಮುರಿಯುವನು. ನಮ್ಮ ಯೋಹಾನನ ಸುವಾರ್ತೆಯಲ್ಲಿ ಸತ್ತು ಎದ್ದ ಯೇಸು ಬಾಗಿಲು ಮುಚ್ಚಿದ ಕೋಣೆಯಲ್ಲಿ ಶಿಷ್ಯ ತೋಮನಿಗೆ ತನ್ನ ಕೈಗಳನ್ನು ತೋರಿಸಿ, ಬೆರಳಿಟ್ಟು ನೋಡು ಎನ್ನುತ್ತಾನೆ. ನಾವು ಎದುರು ನೋಡುತ್ತಿರುವವನ ಅಂಗೈಗಳಲ್ಲಿ ಆ ಮೊಳೆಗಳ ಗುರುತು ಇದೆ, ನನ್ನ ನೆರೆಯವರು ಎದುರು ನೋಡುತ್ತಿರುವವರ ಅಂಗೈಗಳಲ್ಲಿ ಅದು ಇಲ್ಲ.