ಬುಡಾಪೆಸ್ಟ್‌ನಲ್ಲಿ ಉಳಿಯೋದೆಲ್ಲಿ?

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಹೊರಟಿದ್ದೀವಿ ಅಂದ ಕೂಡಲೇ, ಹೋಗಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಉಳಿಯೋದು ಬುಡಾದಲ್ಲೋ, ಪೆಸ್ಟ್‌ನಲ್ಲೋ? ನಡುವೆ ಡ್ಯಾನ್ಯೂಬ್ ನದಿ. ಪಡುವಣಕ್ಕೆ ಗುಡ್ಡಗಳ ಬುಡಾ, ಮೂಡಣಕ್ಕೆ ಸಪಾಟಾದ ಪೆಸ್ಟ್. ಇವೆರಡಕ್ಕೂ ಪಕ್ಕದ ಊರು ಓಬುಡಾ ಸೇರಿ 1873ರಲ್ಲಿ ಒಂದೇ ನಗರವಾಯಿತು. ನನ್ನ ಕೇಳಿದರೆ ಈಗ ಆ ಪ್ರಶ್ನೆಗೆ ಅಷ್ಟೇನೂ ತೂಕವಿಲ್ಲ. ನದಿಯ ಅಡಿಯಲ್ಲೇ ಮೆಟ್ರೋ ಓಡುತ್ತದೆ. ಪೆಸ್ಟ್ ಕಡೆ ಸಂಸತ್ ಭವನದ ಹತ್ತಿರ ಹತ್ತಿದರೆ ಮುಂದಿನ ಸ್ಟೇಷನ್ನೇ ಬುಡಾ. ಕೇಳಬೇಕಾದ್ದು ಬೇರೆ. ರಾತ್ರಿ ನಿದ್ದೆ ಬರುತ್ತಾ? ಲಿಫ್ಟ್ ಇದೆಯಾ? ಟ್ರಾಮ್ ಎಷ್ಟು ದೂರ?

ನಮ್ಮ ಜೊತೆ ಅತ್ತೆ ಇದ್ದರು. ಅವರಿಗೆ ಮಂಡಿನೋವು. ನಮ್ಮ ಮನೆಯವರಿಗೆ ದಿನಕ್ಕೊಂದು ಹೊತ್ತಾದರೂ ಅನ್ನ ಸಾರು ಆಗಲೇಬೇಕು. ಹಾಗಾಗಿ ಅಡುಗೆಮನೆ ಇರುವ ಜಾಗವೇ ಬೇಕಿತ್ತು.

ಬುಡಾ ಕೋಟೆಗುಡ್ಡದ ಮೇಲಿನ ಹೋಟೆಲುಗಳ ಫೋಟೋ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಕಲ್ಲುಹಾಸಿನ ಬೀದಿ, ಮಥಾಯಸ್ ಚರ್ಚು, ಕಣ್ಣೆದುರಿಗೇ ನದಿ. ಆದರೆ ಸಂಜೆ ಪ್ರವಾಸಿಗಳು ಇಳಿದು ಹೋದ ಮೇಲೆ ಅಲ್ಲಿ ಹಾಲು, ತರಕಾರಿಗೆ ಅಂಗಡಿ ಹುಡುಕಬೇಕು. ಬಸ್ಸೇನೋ ಇದೆ, ಆದರೆ ಏನಾದರೂ ಬೇಕು ಅಂದಾಗಲೆಲ್ಲ ಗುಡ್ಡ ಇಳಿದು ಹತ್ತೋದು ಮಂಡಿನೋವಿನವರಿಗೆ ಆಗೋ ಮಾತಲ್ಲ.

ಪೆಸ್ಟ್‌ನಲ್ಲಿ ಹುಡುಕುವಾಗ ಒಂದು ಉಪಾಯ ತುಂಬ ಕೆಲಸಕ್ಕೆ ಬಂತು. ಈ ನಗರದಲ್ಲಿ ನಮ್ಮ ವಾರ್ಡುಗಳ ಥರ 23 ವಿಭಾಗಗಳಿವೆ. ಅಲ್ಲಿನ ನಾಲ್ಕಂಕಿಯ ಪಿನ್‌ಕೋಡಿನಲ್ಲಿ ನಡುವಿನ ಎರಡು ಅಂಕಿಯೇ ವಿಭಾಗದ ನಂಬರು. 1075 ಅಂದರೆ ಏಳನೆಯದು, 1137 ಅಂದರೆ ಹದಿಮೂರನೆಯದು. ಜಾಹೀರಾತಿನಲ್ಲಿ 'ನಗರದ ಹೃದಯಭಾಗ' ಅಂತ ಏನೇ ಬರೆದುಕೊಂಡಿರಲಿ, ಪಿನ್‌ಕೋಡ್ ನಿಜ ಹೇಳಿಬಿಡುತ್ತದೆ.

ಬಾಡಿಗೆ ಮನೆಗಳು ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಬಿದ್ದಿದ್ದು ಏಳನೇ ವಿಭಾಗದಲ್ಲಿ. ಹಳೇ ಯಹೂದಿ ಕೇರಿ ಅದು. 1859ರ ದೊಡ್ಡ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇರುವುದು ಅಲ್ಲೇ. ಪಾಳುಬಿದ್ದ ಕಟ್ಟಡಗಳೊಳಗೆ ಹುಟ್ಟಿಕೊಂಡ ಬಾರುಗಳಿರುವುದೂ ಅಲ್ಲೇ. ನಾವು ಬುಕ್ ಮಾಡಿದ್ದ ಮನೆ ಮಾರನೇ ದಿನ ಖಾಲಿಯಾಗುವುದಿತ್ತು, ಹಾಗಾಗಿ ಮೊದಲ ರಾತ್ರಿ ಆ ಕೇರಿಯಲ್ಲಿ ಕಳೆದೆವು. ಕಟ್ಟಡ ಮಾತ್ರ ನೋಡುವಂಥದ್ದು. ಭಾರೀ ಮರದ ಬಾಗಿಲು ತಳ್ಳಿ ಒಳಗೆ ಹೋದರೆ ನಡುವೆ ಅಂಗಳ. ಅದರ ಸುತ್ತ ಪ್ರತಿ ಮಹಡಿಯಲ್ಲೂ ಕಬ್ಬಿಣದ ಕಂಬಿ ಹಾಕಿದ ಉದ್ದನೆಯ ಮೊಗಸಾಲೆ. ಎಲ್ಲರ ಮನೆ ಬಾಗಿಲು, ಅಡುಗೆಮನೆ ಕಿಟಕಿ ಎಲ್ಲವೂ ಅದಕ್ಕೇ ತೆರೆದುಕೊಳ್ಳುತ್ತವೆ. ಕಿಟಕಿಯ ಕೆಳಗೆ ಜೆರೇನಿಯಂ ಕುಂಡಗಳು. ಅತ್ತೆಗೆ ಬಲು ಇಷ್ಟವಾಯಿತು. ಆದರೆ ಒಂದು ಸಣ್ಣ ಸದ್ದೂ ಆ ಅಂಗಳದಲ್ಲಿ ದೊಡ್ಡದಾಗಿ ಕೇಳುತ್ತದೆ. ನಡುರಾತ್ರಿ ಕಳೆದ ಮೇಲೆ ಯಾರೋ ಚಕ್ರದ ಸೂಟ್‌ಕೇಸು ಎಳೆದುಕೊಂಡು ಬಂದರು. ಕಲ್ಲಿನ ನೆಲದ ಮೇಲೆ ಗಡಗಡ ಗಡಗಡ. ಇಡೀ ಕಟ್ಟಡಕ್ಕೇ ಎಚ್ಚರವಾಗಿರಬೇಕು.

ಅಲ್ಲೇ ಹುಟ್ಟಿ ಬೆಳೆದವರ ಪಾಡು ಏನು ಅನ್ನಿಸಿತು. ಬಾರುಗಳನ್ನು ರಾತ್ರಿ ಬೇಗ ಮುಚ್ಚಿಸಬೇಕೋ ಬೇಡವೋ ಅಂತ 2018ರಲ್ಲಿ ಆ ವಿಭಾಗದಲ್ಲಿ ಮತದಾನವೇ ನಡೆಯಿತು. ಮತ ಹಾಕಲು ಸಾಕಷ್ಟು ಜನ ಬರದೆ ಅದು ಅಸಿಂಧುವಾಯಿತು. ಪಕ್ಕದ ಆರನೇ ವಿಭಾಗದವರು ಇನ್ನೂ ಮುಂದೆ ಹೋದರು. ಪ್ರವಾಸಿಗಳಿಗೆ ಮನೆಗಳನ್ನು ದಿನಬಾಡಿಗೆಗೆ ಕೊಡುವುದೇ ಬೇಡ ಅಂತ 2024ರಲ್ಲಿ ಅಲ್ಪ ಅಂತರದಿಂದ ಮತ ಹಾಕಿದರು. 2026ರ ಜನವರಿ 1ರಿಂದ ಜಾರಿ ಅಂತ ತೀರ್ಮಾನ. ಆರನೇ ವಿಭಾಗದಲ್ಲಿ ಹಳೇ ಜಾಹೀರಾತು ನೋಡಿ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ನೆನಪಿಸಿಕೊಳ್ಳಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸೂಟ್‌ಕೇಸಿನವರಂತೆ ನಾವೂ ಬಾಡಿಗೆಗೆ ಬಂದವರೇ, ಅಲ್ವಾ?

ಮಹಡಿ ಲೆಕ್ಕವನ್ನೂ ಕೇಳಿಯೇ ಬುಕ್ ಮಾಡಿ. ಹಳೇ ಕಟ್ಟಡಗಳಲ್ಲಿ ಕೆಲವು ಕಡೆ ನೆಲಮಹಡಿಯ ಮೇಲೊಂದು ಅರ್ಧ ಮಹಡಿ, ಆಮೇಲೆ 'ಒಂದನೇ' ಮಹಡಿ. ಸೂರು ಬೇರೆ ಎತ್ತರ. 'ಎರಡನೇ ಮಹಡಿ, ಲಿಫ್ಟ್ ಇಲ್ಲ' ಅಂದರೆ ಸುಮ್ನೆ ಎರಡಲ್ಲ, ಮೂರು ಹತ್ತಿದಷ್ಟು ಸುಸ್ತು.

ಕೊನೆಗೆ ನಾವು ಉಳಿದದ್ದು ಹದಿಮೂರನೇ ವಿಭಾಗದ ಊಯ್‌ಲಿಪೋಟ್‌ವಾರೋಶ್‌ನಲ್ಲಿ. ಹೆಸರು ಹೇಳೋಕೇ ಕಷ್ಟ, ಇರೋಕೆ ಸುಖ. ಮಾರ್ಗರೆಟ್ ಸೇತುವೆಯ ಪೆಸ್ಟ್ ತುದಿಯಲ್ಲಿದೆ. ಅಲ್ಲಿ ಹೆಚ್ಚಿನವು 1930ರ ದಶಕದ ಕಟ್ಟಡಗಳು. ಅಲಂಕಾರ ಕಡಿಮೆ, ಬಾಲ್ಕನಿ ದೊಡ್ಡದು. ನಮ್ಮದಕ್ಕೆ ಲಿಫ್ಟೂ ಇತ್ತು. ಬೆಳಿಗ್ಗೆ ಪೊಜೋನಿ ರಸ್ತೆಯಲ್ಲಿ ಅಜ್ಜಿಯಂದಿರು ನಾಯಿ ಹಿಡಿದುಕೊಂಡು ಬೇಕರಿಗೆ ಬರುತ್ತಾರೆ. ಅತ್ತೆ ಸಂತ ಇಷ್ಟ್ವಾನ್ ಉದ್ಯಾನದ ಬೆಂಚಿನಲ್ಲಿ ಕೂತರೆ ಎದುರಿಗೆ ನದಿ, ಆಚೆ ಮಾರ್ಗರೆಟ್ ದ್ವೀಪ. ಭಾಷೆ ಬರದಿದ್ದರೂ ಪಕ್ಕದವರ ಜೊತೆ ನಗುತ್ತಾ ಕೂತುಬಿಡುತ್ತಿದ್ದರು.

ಓಡಾಟಕ್ಕೂ ಇದೇ ಅನುಕೂಲ. ನದಿಯ ಅಂಚಿನಲ್ಲೇ ಸಾಗುವ 2ನೇ ನಂಬರಿನ ಹಳದಿ ಟ್ರಾಮ್ ಶುರುವಾಗುವುದು ಇಲ್ಲಿನ ಯಾಸೈ ಮರಿ ಚೌಕದಿಂದ. ಬಲಗಡೆ ಮೊದಲು ಸಂಸತ್ ಭವನ, ಆಮೇಲೆ ನದಿ, ಅದರಾಚೆ ಕೋಟೆ. ದುಡ್ಡು ಕೊಟ್ಟು ದೋಣಿವಿಹಾರಕ್ಕೆ ಹೋಗೋದಕ್ಕಿಂತ ಇದೇ ವಾಸಿ. 4 ಮತ್ತು 6ನೇ ಟ್ರಾಮುಗಳೂ ಅದೇ ಚೌಕದಲ್ಲಿ ನಿಲ್ಲುತ್ತವೆ. 6ನೆಯದು ರಾತ್ರಿಯಿಡೀ ಓಡುತ್ತದೆ. ವಿಯೆನ್ನಾದಿಂದ ರೈಲಿನಲ್ಲಿ ಕೆಲೆಟಿ ನಿಲ್ದಾಣಕ್ಕೆ ಬಂದವರು ಒಂದು ಸ್ಟೇಷನ್ ಮೆಟ್ರೋದಲ್ಲಿ ಹೋಗಿ ಈ ಟ್ರಾಮ್ ಹಿಡಿದರೆ ಸಾಕು.

ಇದೇ ಬೀದಿಗಳಿಗೆ ಇನ್ನೊಂದು ಮುಖವೂ ಇದೆ. 1944ರಲ್ಲಿ ಇಲ್ಲಿನ ಎಷ್ಟೋ ಕಟ್ಟಡಗಳು ಸ್ವೀಡನ್, ಸ್ವಿಟ್ಜರ್ಲೆಂಡ್ ದೇಶಗಳ ರಕ್ಷಣೆಯ ಹೆಸರಲ್ಲಿ ಯಹೂದಿಗಳಿಗೆ ಆಸರೆಯಾಗಿದ್ದವು. ಸ್ವೀಡನ್ನಿನ ರಾಜತಾಂತ್ರಿಕ ರಾವುಲ್ ವಾಲೆನ್‌ಬರ್ಗ್ ರಕ್ಷಣಾಪತ್ರ ಹಂಚಿ ಸಾವಿರಾರು ಜನರನ್ನು ಉಳಿಸಿದರು. ಅವರ ಹೆಸರಿನ ರಸ್ತೆ ಇಲ್ಲೇ ಇದೆ. ಎಲ್ಲರೂ ಉಳಿಯಲಿಲ್ಲ. ಹಂಗೇರಿಯದೇ ಫ್ಯಾಸಿಸ್ಟರು ಎಷ್ಟೋ ಜನರನ್ನು ನದಿದಂಡೆಗೆ ನಿಲ್ಲಿಸಿ ಗುಂಡಿಟ್ಟರು. ಸಂಸತ್ ಭವನ ದಾಟಿ ಸ್ವಲ್ಪ ನಡೆದರೆ ದಡದಲ್ಲಿ ಅವರ ನೆನಪಿಗೆ ಇಟ್ಟ 60 ಜೊತೆ ಕಬ್ಬಿಣದ ಚಪ್ಪಲಿ, ಬೂಟುಗಳಿವೆ. ಮಕ್ಕಳ ಅಳತೆಯವೂ ಇವೆ. ಅತ್ತೆ ಅಲ್ಲಿ ಬಗ್ಗಲು ಆಗದೆ, ನನ್ನ ಕೈಲಿ ಒಂದು ಹೂವು ಕೊಟ್ಟು ಇಡಿಸಿದರು.

ನಮ್ಮ ಮನೆಯವರದು ಮಾತ್ರ ಈಗಲೂ ಒಂದೇ ತಕರಾರು. ದೀಪ ಹತ್ತಿದ ಸಂಸತ್ ಭವನ ಕಾಣೋದು ಬುಡಾ ದಡದಿಂದ, ಬಟ್ಯಾನಿ ಚೌಕದಲ್ಲಿ ನದಿ ಕಾಣುವ ರೂಮನ್ನೇ ಹಿಡಿಯಬೇಕಿತ್ತು ಅಂತ. ಹಿಡಿಯೋಣ, ಆದರೆ ಆಗಸ್ಟ್ 20ರ ಸುತ್ತ ಬೇಡ. ಅದು ಹಂಗೇರಿಯ ರಾಷ್ಟ್ರೀಯ ಹಬ್ಬ. ನದಿಯ ಮೇಲೆ ಪಟಾಕಿ ಸುಡುತ್ತಾರೆ, ದಡದ ರೂಮುಗಳ ಬೆಲೆಯೂ ಆಕಾಶಕ್ಕೇ ಹಾರುತ್ತದೆ.