ರೆಡಿಂಗಿನಲ್ಲಿ ಕೂತು ಗವಂತಿ ಹಾಕೋದು

ಇಂಗ್ಲೆಂಡಿನ ಚಳಿಗಾಲದಲ್ಲಿ ಕಸೂತಿ ಹಾಕೋರಿಗೆ ಚಳಿಗಿಂತ ದೊಡ್ಡ ತ್ರಾಸು ಅಂದ್ರೆ ಬೆಳಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗ್ತದೆ, ಹಗಲಲ್ಲೂ ಮೋಡ ಮುಚ್ಚಿಕೊಂಡೇ ಇರ್ತದೆ, ಹಂಗಾಗಿ ಮನೇಲಿ ಯಾವ ಕಿಟಕಿ ಹತ್ರ ಎಷ್ಟು ಹೊತ್ತಿಗೆ ಬೆಳಕು ಬೀಳ್ತದೆ ಅನ್ನೋದು ನನಗೆ ಬಾಯಿಪಾಠ. ಬೆಳಿಗ್ಗೆ ಮಗಳನ್ನ ಸ್ಕೂಲಿಗೆ ಬಿಟ್ಟು ಬಂದು ಕುಕ್ಕರ್ ಇಟ್ಟು ಅಡುಗೆಮನೆ ಕಿಟಕಿ ಪಕ್ಕ ಕೂತ್ಕೊಳ್ಳೋದು, ಊಟ ಆದ್ಮೇಲೆ ಮುಂದಿನ ರೂಮು, ಸಂಜೆ ಆಯ್ತು ಅಂದ್ರೆ ಡೇಲೈಟ್ ಬಲ್ಬು. ಹಳದಿ ಬಲ್ಬಿನ ಕೆಳಗೆ ಕಡು ನೀಲಿ ಯಾವುದು ಕಡು ಹಸಿರು ಯಾವುದು ಗೊತ್ತೇ ಆಗಲ್ಲ, ಇನ್ನು ಕಪ್ಪು ಬಟ್ಟೆ ಮೇಲಂತೂ ಎಳೆಗಳೇ ಕಾಣಲ್ಲ. ಕಪ್ಪು ಬಟ್ಟೆ ಮೇಲೆ ಹಾಕೋರಿಗೆ ಒಂದು ಮಾತು ಹೇಳ್ತೀನಿ: ತೊಡೆ ಮೇಲೆ ಒಂದು ಬಿಳಿ ಟವೆಲ್ ಹಾಸ್ಕೊಂಡು ಕೂತ್ಕೊಳ್ಳಿ, ಕೆಳಗಿಂದ ಬಿಳಿ ಕಂಡ್ರೆ ಎಳೆ ನಡುವಿನ ತೂತು ತಾನೇ ಕಾಣ್ತದೆ. ಇದು ನಮ್ಮ ಆಯಿ, ಅಂದ್ರೆ ಅಜ್ಜಿ ಮಾಡ್ತಿದ್ದ ಉಪಾಯ, ಅವರು ಪಂಜೆ ಹಾಸ್ಕೋತಿದ್ರು.

ನಾನು ಧಾರವಾಡದವಳು. ಗಂಡನ ಕೆಲಸಕ್ಕೆ ಅಂತ ರೆಡಿಂಗಿಗೆ ಬಂದು ಇಲ್ಲೇ ಉಳಿದಿದ್ದೀವಿ. ಲಂಡನ್ನಿನಿಂದ ಪಶ್ಚಿಮಕ್ಕೆ, ಫಾಸ್ಟ್ ಟ್ರೇನಿನಲ್ಲಿ ಅರ್ಧ ತಾಸೂ ಬೇಡ. ಐಟಿ ಕಂಪನಿಗಳು ಬಹಳ ಇರೋದ್ರಿಂದ ನಮ್ಮ ಕಡೆಯವರೂ ಬಹಳ ಸಿಗ್ತಾರೆ, ಯುಗಾದಿ ದೀಪಾವಳಿಗೆ ಹೋಳಿಗೆ ಸಿಗ್ತದೆ, ಆ ಬಗ್ಗೆ ಇನ್ನೊಮ್ಮೆ ಬರೀತೀನಿ. ಇವತ್ತು ಬರೀ ಸೂಜಿ ದಾರದ ಸುದ್ದಿ, ನಮ್ಮ ಕಸೂತಿಯ ಗವಂತಿ ಅನ್ನೋ ಹೊಲಿಗೆಯದ್ದು.

ಊರಿಂದ ಬರೋವಾಗ ಬ್ಯಾಗಿನಲ್ಲಿ ಬಟ್ಟೆ ಬಿಗಿಯೋ ಒಂದು ರಿಂಗು, ಆಂಕರ್ ಕಂಪನಿ ದಾರದ ಲಡಿಗಳು, ಎಳೆ ಎಣಿಸೋಕೆ ಬರೋ ಮ್ಯಾಟಿ ಬಟ್ಟೆ ಎರಡು ಮೀಟರ್ ತಂದಿದ್ದೆ. ಇಲ್ಲಿ ಹೆಚ್ಚು ನಡೆಯೋದು ಡಿಎಂಸಿ ದಾರ, 1746ರಲ್ಲಿ ಫ್ರಾನ್ಸಿನ ಮುಲ್ಹೌಸ್‌ನಲ್ಲಿ ಶುರುವಾದ ಕಂಪನಿ. ಒಂದು ಲಡಿ 8 ಮೀಟರ್, ಒಂದು ದಾರದಲ್ಲಿ 6 ಎಳೆ, ಬೇಕಾದಷ್ಟು ಬಿಡಿಸ್ಕೊಂಡು ಸೂಜಿಗೆ ಪೋಣಿಸೋದು. ಊರಲ್ಲಿ ಕಪ್ಪು ದಾರ ಅಂದ್ರೆ ಆಂಕರಿನ 403, ಇಲ್ಲಿ ಡಿಎಂಸಿಯ 310, ಇಲ್ಲಿಯ ಹೊಲಿಗೆಯವರ ಹತ್ರ 310 ಅಂದ್ರೆ ಸಾಕು, ಬಣ್ಣದ ಹೆಸರು ಹೇಳೋದೇ ಬೇಡ. ಮ್ಯಾಟಿ ಮುಗಿದ ಮೇಲೆ 28 ಕೌಂಟಿನ ಲಿನನ್ ಹಿಡಿದೆ, ಅಂದ್ರೆ ಒಂದು ಇಂಚಿಗೆ 28 ಎಳೆ, ಎರಡೆರಡು ಎಳೆ ಹಿಡಿದು ಹಾಕಿದ್ರೆ ಇಂಚಿಗೆ 14 ಹೊಲಿಗೆ ಕೂರ್ತಾವೆ. ನಮ್ಮ ಕಸೂತಿಯ ಗೋಪುರ ತೇರಿನ ಚಿತ್ರ ಎಲ್ಲ ಇದರ ಮೇಲೆ ಎಷ್ಟು ಚೆಂದ ಏಳ್ತಾವೆ ಅಂದ್ರೆ, ಮೊದಲ ಸಲ ಮುಗಿಸಿ ಕಿಟಕಿಗೆ ಹಿಡಿದು ನೋಡಿ ಖುಷಿಯಿಂದ ಅವ್ವಗೆ ವಿಡಿಯೋ ಕಾಲ್ ಮಾಡಿದೆ. ಅವ್ವ ಕನ್ನಡಕ ಏರಿಸ್ಕೊಂಡು ನೋಡಿ, "ಏನವಾ, ಅಷ್ಟ ದೂರ ಹೋಗಿ ಗವಂತಿ ಹಾಕ್ಕೋತ ಕುಂತಿಯೇನ? ಉಲ್ಟಾ ತೋರ್ಸು ನೋಡೂಣು" ಅಂದ್ಳು. ಸುಲ್ಟಾ ನೋಡಿ ಯಾರೂ ಮೆಚ್ಚಲ್ಲ ನಮ್ಮನೇಲಿ, ಉಲ್ಟಾ ನೋಡೇ ಮಾತಾಡೋದು.

ಕಸೂತಿ ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ, ಬಟ್ಟೆ ಮೇಲೆ ಪೆನ್ಸಿಲಿನಲ್ಲಿ ಬರ್ಕೊಳ್ಳೋದು, ಟ್ರೇಸ್ ಮಾಡೋದು ಏನೂ ಇಲ್ಲ, ಎಳೆ ಎಣಿಸಿಯೇ ಹಾಕೋದು. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ತರದ ಹೊಲಿಗೆ. ಗವಂತಿ ನೋಡೋಕೆ ಸುಲಭ, ಕೂತಾಗ ತಲೆ ಓಡಿಸಬೇಕು. ಹೋಗೋವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಟ್ಟು ಹೋಗೋದು, ವಾಪಸ್ ಬರೋವಾಗ ಬಿಟ್ಟ ಜಾಗ ತುಂಬಿಕೊಂಡು ಬರೋದು. ಗೋಪುರದಲ್ಲಿ ಕವಲು ಬಂದಲ್ಲಿ ಮೊದಲು ಆ ಕವಲಿಗೆ ಹೋಗಿ ಬಂದು ಆಮೇಲೆ ಮುಂದಿನ ದಾರಿ ಹಿಡೀಬೇಕು, ಕಡೆಗೆ ಸೂಜಿ ಹೊರಟ ತೂತಿಗೇ ಬಂದು ನಿಲ್ಲಬೇಕು. ವಾಪಸ್ ಬರೋವಾಗ ಸೂಜಿ ಹಳೇ ಹೊಲಿಗೆಯ ಒಂದು ಬದಿಗೆ ಎದ್ದು ಇನ್ನೊಂದು ಬದಿಗೆ ಇಳಿದ್ರೆ ಗೆರೆ ನೆಟ್ಟಗೆ ಕೂರ್ತದೆ, ಇಲ್ಲಾಂದ್ರೆ ಸೊಟ್ಟ ಕಾಣ್ತದೆ. ಗಂಟು ಹಾಕೋ ಹಂಗಿಲ್ಲ, ದಾರದ ತುದಿಯನ್ನ ಹೊಲಿಗೆಗೇ ಸುತ್ತಿ ಮುಚ್ಚಿಬಿಡೋದು. ಇಷ್ಟೆಲ್ಲ ಸರಿ ಹೋದ್ರೆ ಎರಡೂ ಬದಿ ಒಂದೇ ತರ, ಯಾವುದು ಮುಂದೆ ಯಾವುದು ಹಿಂದೆ ಹೇಳೋಕಾಗಲ್ಲ.

ಈಗ ಲೈಬ್ರರಿ ಕಥೆ. ಇಲ್ಲಿ ಲೈಬ್ರರಿಗಳಲ್ಲಿ, ಚರ್ಚ್ ಹಾಲುಗಳಲ್ಲಿ ನಿಟ್ ಅಂಡ್ ನ್ಯಾಟರ್ ಅಂತ ನಡೀತಾವೆ, ಎಲ್ರೂ ತಮ್ಮ ತಮ್ಮ ಹೆಣಿಗೆ ಹೊಲಿಗೆ ತಂದು ಕೂತು ಮಾತಾಡ್ತಾ ಕೈ ಆಡಿಸೋದು, ಚಹಾ ಬಿಸ್ಕತ್ತು ಇರ್ತದೆ. ಹೆಚ್ಚಿನೋರು ರಿಟೈರ್ ಆದ ಹೆಂಗಸರು. ನಾನು ಸುಮ್ಮನೆ ಒಂದು ಮೂಲೇಲಿ ಕೂತು ಗೋಪುರ ಹಾಕ್ತಿದ್ದೆ, ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಬಗ್ಗಿ ನೋಡಿದ್ರು, ಒಂದು ಮಾತೂ ಆಡದೆ ನನ್ನ ಬಟ್ಟೆ ತಗೊಂಡು ತಿರುಗಿಸಿ ಹಿಂಬದಿ ನೋಡಿದ್ರು. ಥೇಟ್ ನಮ್ಮವ್ವ! ಆಮೇಲೆ ತಮ್ಮ ಚೀಲದಿಂದ ಒಂದು ಬಿಳಿ ಲಿನನ್ ತೆಗೆದು ತೋರಿಸಿದ್ರು, ಕಪ್ಪು ದಾರದಲ್ಲಿ ಬಳ್ಳಿ, ಚೌಕಗಳ ಜಾಲ, ತಿರುಗಿಸಿದ್ರೆ ಹಿಂದೂ ಮುಂದೂ ಒಂದೇ. ಅವರು ಅದಕ್ಕೆ ಬ್ಲ್ಯಾಕ್‌ವರ್ಕ್ ಅಂತಾರೆ. ಹೊಲಿಗೆ ಮಾತ್ರ ನಮ್ಮ ಗವಂತಿನೇ, ಹೋಗಿ ವಾಪಸ್ ಬರೋದು, ಕವಲು ಮುಗಿಸಿ ಮುಂದೆ ಹೋಗೋದು, ಗಂಟಿಲ್ಲ, ಎಲ್ಲ ಅದೇ.

ಇಲ್ಲಿ ಆ ಹೊಲಿಗೆಗೆ ಹೋಲ್ಬೈನ್ ಅನ್ನೋ ಹೆಸರೂ ಇದೆ, ಯಾಕಂದ್ರೆ ಎಂಟನೇ ಹೆನ್ರಿ ರಾಜನ ಕಾಲದಲ್ಲಿ ಹನ್ಸ್ ಹೋಲ್ಬೈನ್ ಅನ್ನೋ ಚಿತ್ರಕಾರ ಬಿಡಿಸಿದ ಅರಮನೆ ಜನರ ಚಿತ್ರಗಳಲ್ಲಿ ಅಂಗಿಯ ಕಾಲರು, ತೋಳಿನ ಕಫ್ ಮೇಲೆಲ್ಲ ಈ ಕೆಲಸ ಸ್ಪಷ್ಟ ಕಾಣ್ತದೆ. ರಾಣಿ ಜೇನ್ ಸೀಮೋರಳ ಚಿತ್ರ ದೊಡ್ಡದು ಮಾಡಿ ಕಫ್ ನೋಡಿ, ಹೊಲಿಗೆ ಎಣಿಸಬಹುದು ಅನ್ನಿಸ್ತದೆ. ಹೆನ್ರಿಯ ಮೊದಲ ಹೆಂಡತಿ ಕ್ಯಾಥರೀನ್ 1501ರಲ್ಲಿ ಸ್ಪೇನಿನಿಂದ ಬಂದೋಳು, ಅವಳ ಜೊತೆ ಈ ಕೆಲಸ ಬಂತು ಅಂತ ಇಲ್ಲಿ ವಾಡಿಕೆ ಮಾತು, ಸ್ಪ್ಯಾನಿಷ್ ವರ್ಕ್ ಅಂತಲೂ ಕರೀತಿದ್ರು. ಆದ್ರೆ ಕಪ್ಪು ರೇಷ್ಮೆಯ ಕಸೂತಿ ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಇತ್ತು, ಅವಳ ಕಾಲದಲ್ಲಿ ಫ್ಯಾಷನ್ ಆಯ್ತು ಅನ್ನೋದೇ ನನಗೆ ಸರಿ ಅನ್ನಿಸೋದು. ಮತ್ತೆ ಈ ಹೊಲಿಗೆ ನಮ್ಮ ಕಡೆಯಿಂದ ಇಲ್ಲಿಗೆ ಬಂತೋ ಇಲ್ಲಿಂದ ನಮ್ಮ ಕಡೆಗೆ ಹೋಯ್ತೋ ಅಂತ ಜಗಳ ಆಡೋರ ಜೊತೆ ನಾನು ಸೇರಲ್ಲ. ಎಳೆ ಎಣಿಸೋ ಬಟ್ಟೆ, ಎರಡೂ ಬದಿ ಕಾಣೋ ಸೆರಗು ಇಲ್ಲಾ ಕಾಲರು, ಇವು ಇದ್ದಲ್ಲಿ ಬುದ್ಧಿವಂತ ಹೆಂಗಸರಿಗೆ ಈ ಹೊಲಿಗೆ ತಾನೇ ಹೊಳೀತದೆ.

ಆ ಗುಂಪಿನಲ್ಲಿ ಯುಕ್ರೇನಿನಿಂದ ಬಂದ ಒಬ್ಬಳು ಇದಾಳೆ, ಅವಳ ಊರಿನ ಅಂಗಿಯ ತೋಳಿಗೆ ಕೆಂಪು ಕಪ್ಪು ಕ್ರಾಸ್ ಸ್ಟಿಚ್ ಹಾಕ್ತಾಳೆ, ನಮ್ಮ ಮೆಂತೆ. ಇಂಗ್ಲಿಷ್ ಅವಳಿಗೂ ಅಷ್ಟಕ್ಕಷ್ಟೆ, ಆದ್ರೆ ಗ್ರಾಫ್ ಹಾಳೆ ಮುಂದಿಟ್ಟರೆ ನಮ್ಮಿಬ್ಬರಿಗೆ ಮಾತೇ ಬೇಕಾಗಲ್ಲ. ಅವಳಿಗೆ ನಾನು ಆನೆ ಬರ್ಕೊಟ್ಟೆ, ಅವಳು ನನಗೆ ಎಂಟು ಮೂಲೆ ನಕ್ಷತ್ರ.

ಇನ್ನು ರೆಡಿಂಗಿನಲ್ಲಿ ಇದ್ದು ಹೊಲಿಗೆ ಮಾಡೋರು ಟೌನ್ ಹಾಲಿನ ಮ್ಯೂಸಿಯಂ ನೋಡದೇ ಇರೋಕಾಗಲ್ಲ. ಫ್ರಾನ್ಸಿನ ಬಾಯೋ ಟ್ಯಾಪೆಸ್ಟ್ರಿ ಗೊತ್ತಲ್ಲ, 1066ರಲ್ಲಿ ವಿಲಿಯಂ ಇಂಗ್ಲೆಂಡ್ ಗೆದ್ದ ಕಥೆ, ಸುಮಾರು 70 ಮೀಟರ್ ಉದ್ದ. ಹೆಸರಿಗೆ ಟ್ಯಾಪೆಸ್ಟ್ರಿ, ಆದ್ರೆ ಅದು ನೇಯ್ದದ್ದಲ್ಲ, ಲಿನನ್ ಮೇಲೆ ಉಣ್ಣೆ ದಾರದ ಕಸೂತಿ. ಅದರ ಪೂರ್ತಿ ಅಳತೆಯ ನಕಲು ರೆಡಿಂಗಿನಲ್ಲಿದೆ, ಫ್ರೀ. 1885-86ರಲ್ಲಿ ಸ್ಟಾಫರ್ಡ್‌ಶೈರಿನ ಲೀಕ್ ಅನ್ನೋ ಊರಿನ ಎಲಿಜಬೆತ್ ವಾರ್ಡಲ್ ಅನ್ನೋ ಹೆಂಗಸು 30ಕ್ಕೂ ಹೆಚ್ಚು ಹೆಂಗಸರನ್ನ ಕೂಡಿಸ್ಕೊಂಡು ಹೊಲಿದಿದ್ದು. ಉಣ್ಣೆಗೆ ಬಣ್ಣ ಹಾಕಿ ಕೊಟ್ಟದ್ದು ಅವಳ ಗಂಡ ಥಾಮಸ್ ವಾರ್ಡಲ್, ನಮ್ಮ ದೇಶದ ಟಸ್ಸಾರ್ ರೇಷ್ಮೆಗೆ ಬಣ್ಣ ಹಿಡಿಸೋದು ಹೆಂಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸ್ಕೊಂಡು ಭಾರತಕ್ಕೂ ಬಂದು ಹೋದ ಮನುಷ್ಯ. ನಕಲು 1895ರಲ್ಲಿ ರೆಡಿಂಗಿಗೆ ಬಂತು. ಕುದುರೆಗಳು, ಹಡಗುಗಳು, ಬಾಲದ ನಕ್ಷತ್ರ, ಎಲ್ಲ ಇದಾವೆ, ಮೂಲದಲ್ಲಿ ಬೆತ್ತಲೆ ಇದ್ದ ಗಂಡಸರಿಗೆ ಇಲ್ಲಿ ಚಡ್ಡಿ ಇದೆ, ವಿಕ್ಟೋರಿಯಾ ಕಾಲ ಅಲ್ವಾ, ನೋಡಿ ಹೊಲಿಯೋಕೆ ಅವರಿಗೆ ಸಿಕ್ಕ ಫೋಟೋಗಳಲ್ಲೇ ಮುಚ್ಚಿದ್ರಂತೆ.

ನಾನು ನಿಂತಿದ್ದು ಬೇರೆ ಕಡೆ. ಒಬ್ಬೊಬ್ಬಳು ಹೊಲಿದ ಭಾಗದ ಕೆಳಗೆ ಅವಳವಳ ಹೆಸರು ದಾರದಲ್ಲೇ ಇದೆ. ಸಣ್ಣ ಅಕ್ಷರ, ರಾಜರ ಕಾಲ ಕೆಳಗೆ. ಮೂಲದ ಆ 70 ಮೀಟರ್ ಹೊಲಿದೋರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಒಂದು ಹೆಸರೂ ಉಳಿದಿಲ್ಲ, ಹೊಲಿಸಿದ ದೊಡ್ಡ ಮನುಷ್ಯ ಯಾರು ಅನ್ನೋದರ ಬಗ್ಗೆ ಮಾತ್ರ ಪುಸ್ತಕದ ಮೇಲೆ ಪುಸ್ತಕ. ಲೀಕಿನ ಹೆಂಗಸರು ಅದನ್ನ ನೋಡಿಯೇ ತಮ್ಮ ಹೆಸರು ಹಾಕಿದ್ರೋ ಏನೋ, ಹಾಕಿದ್ದು ಬಹಳ ಚಲೋ ಮಾಡಿದ್ರು. ಅಲ್ಲಿ ನಿಂತು ನನಗೆ ನಮ್ಮ ಮನೇಲಿರೋ ಚಂದ್ರಕಾಳಿ ಸೀರೆ ನೆನಪಾಯ್ತು. ಕಪ್ಪು ಇಳಕಲ್ ಸೀರೆ, ಸೆರಗಿನ ತುಂಬ ಗೋಪುರ, ತುಳಸಿ ವೃಂದಾವನ, ಪಲ್ಲಕ್ಕಿ, ಹಿಂದೆಲ್ಲ ನಮ್ಮ ಕಡೆ ಮದುವೆ ಹೆಣ್ಣಿಗೆ ಕೊಡ್ತಿದ್ದ ಸೀರೆ. ಆಯಿಗೆ ಯಾರೋ ಹಾಕಿ ಕೊಟ್ಟದ್ದು. ಯಾರು? ಅವ್ವನ್ನ ಕೇಳಿದೆ, "ಅವರ ಕಡೆಯವರ ಯಾರೋ ಹಾಕಿದ್ದು, ಹೆಸರು ಯಾರಿಗ್ಗೊತ್ತ ಬಿಡು" ಅಂದ್ಳು. ಸೀರೆ ನೇಯ್ದ ಊರು ಗೊತ್ತು, ಯಾವ ಅಂಗಡೀಲಿ ತಗೊಂಡ್ರು ಗೊತ್ತು, ತಿಂಗಳುಗಟ್ಟಲೆ ಕಣ್ಣು ನೋಯಿಸ್ಕೊಂಡು ಎಳೆ ಎಣಿಸಿದೋಳ ಹೆಸರು ಗೊತ್ತಿಲ್ಲ. ಇದು ನನಗೆ ಬಹಳ ಹತ್ತಿತು ಮನಸ್ಸಿಗೆ. ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದೆ, ಅಂದ್ರೆ ಆ ನೆಲದ ಹೆಸರು ಉಳೀತು, ಸಂತೋಷ, ಹೆಂಗಸಿನ ಹೆಸರೂ ಉಳೀಬೇಕಲ್ವಾ.

ಇಂಗ್ಲೆಂಡಿನಲ್ಲಿ ಹಳೇ ಸ್ಯಾಂಪ್ಲರುಗಳಲ್ಲಿ, ಅಂದ್ರೆ ಹೊಲಿಗೆ ಕಲಿಯೋಕೆ, ಮಾದರಿಗೆ ಅಂತ ಹಾಕೋ ಬಟ್ಟೆಗಳಲ್ಲಿ, ಹೆಸರು, ವಯಸ್ಸು, ಇಸವಿ ಹಾಕೋ ರೂಢಿ ಇತ್ತು, ಸಣ್ಣ ಹುಡುಗಿಯರೂ ಹಾಕ್ತಿದ್ರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿ ಜೇನ್ ಬಾಸ್ಟಾಕ್ ಅನ್ನೋಳು 1598ರಲ್ಲಿ ಹೊಲಿದದ್ದು ಒಂದಿದೆ, ಇಸವಿ ಹಾಕಿದ ಬ್ರಿಟಿಷ್ ಸ್ಯಾಂಪ್ಲರುಗಳಲ್ಲಿ ಅದೇ ಎಲ್ಲಕ್ಕಿಂತ ಹಳೇದು. ಆಲಿಸ್ ಲೀ ಅನ್ನೋ ಕೂಸು 1596ರ ನವೆಂಬರ್ 23, ಮಂಗಳವಾರ ಮಧ್ಯಾಹ್ನದ ಮೇಲೆ ಹುಟ್ಟಿತು ಅಂತ ದಾರದಲ್ಲೇ ಬರೆದಿದಾಳೆ. ನಾನೂರು ವರ್ಷ ದಾಟಿದ್ರೂ ಆ ಕೂಸು ಯಾವ ವಾರ ಹುಟ್ಟಿತು ಅಂತ ನಮಗೆ ಗೊತ್ತಾಗ್ತದೆ, ಹೊಲಿದೋಳು ಯಾರು ಅಂತಲೂ.

ನಮ್ಮ ಕಸೂತಿ, ಇಲ್ಲಿಯ ಹೆಸರು ಹಾಕೋ ರೂಢಿ, ಎರಡೂ ಸೇರಿಸಿ ನಾನು ಈಗ ಹಾಕ್ತಿರೋದು ಒಂದು ಕುಂಚಿಗೆ. ಇಲ್ಲೇ ಇರೋ ಗೆಳತಿಗೆ ಮಗು ಆಗಿದೆ, ನಮ್ಮ ಕಡೆ ಕೂಸಿನ ತಲೆ ಬೆನ್ನು ಎರಡೂ ಮುಚ್ಚೋ ಹಂಗೆ ಹೊಲೀತಾರಲ್ಲ ಅದು. ಖಣದ ಅಂಚು ಊರಿಂದ ತರಿಸಿದೆ, ಬೆನ್ನಿನ ಮೇಲೆ ತೊಟ್ಟಿಲು ಮತ್ತೆ ನವಿಲು, ಅಂಚಿಗೆ ಮುರಗಿಯ ಮೆಟ್ಟಿಲು ಮೆಟ್ಟಿಲು ಸಾಲು. ಒಳಮೈಗೆ ಮಗುವಿನ ಹೆಸರು, ಹುಟ್ಟಿದ ದಿನ, ವಾರ, ಊರು, ಅದರ ಕೆಳಗೆ ನನ್ನ ಹೆಸರು ಮತ್ತೆ ಗೋಪುರ ಹಾಕೋದು ಕಲಿಸಿದ ಆಯಿ ಹೆಸರು, ಎಲ್ಲ ಕನ್ನಡದಲ್ಲಿ. ಕನ್ನಡ ಅಕ್ಷರ ಎಳೆ ಎಣಿಸಿ ಹಾಕೋದು ಅಷ್ಟು ಸಲೀಸಲ್ಲ, ನಮ್ಮ ಅಕ್ಷರ ಎಲ್ಲ ದುಂಡಗೆ, ಗವಂತಿ ಗೆರೆ ಎಲ್ಲ ನೆಟ್ಟಗೆ. ಗ್ರಾಫ್ ಹಾಳೆ ಮೇಲೆ ಬರೆದು ಅಳಿಸಿ ಬರೆದು ಅಳಿಸಿ, ಈಗ ಹನ್ನೊಂದು ಮನೆ ಎತ್ತರದಲ್ಲಿ ಅಕ್ಷರ ಕೂರಿಸ್ಕೊಂಡಿದ್ದೀನಿ, ತಲೆಕಟ್ಟಿಗೆ ಓರೆ ಹೊಲಿಗೆ ಕೊಟ್ರೆ ದುಂಡು ಬಂದ ಹಂಗೇ ಕಾಣ್ತದೆ, ಒತ್ತಕ್ಷರ ಮಾತ್ರ ಇನ್ನೂ ಕೂರ್ತಿಲ್ಲ.

ಇದರ ನಡುವೆ ಚಾರಿಟಿ ಶಾಪಿನಲ್ಲಿ, ಅಂದ್ರೆ ದಾನಕ್ಕೆ ಬಂದ ಹಳೇ ಸಾಮಾನು ಮಾರೋ ಅಂಗಡೀಲಿ, ಸಿಕ್ಕ ಒಂದು ಕೆಲಸ. ಇಲ್ಲಿ ಹಿರಿಯರು ತೀರಿಕೊಂಡ್ರೆ ಮನೆಯವರು ಅವರ ಹೊಲಿಗೆ ಡಬ್ಬಿನೂ ಚಾರಿಟಿ ಶಾಪಿಗೆ ಕೊಟ್ಟುಬಿಡ್ತಾರೆ. ಒಮ್ಮೆ ಒಂದು ಟೇಬಲ್ ಬಟ್ಟೆ ಸಿಕ್ತು, 1930ರ ಸುಮಾರಿಗೆ ಇಲ್ಲಿ ಬಹಳ ಓಡಿದ ಡಿಸೈನು, ದೊಡ್ಡ ಘೇರಿನ ಲಂಗ ಹಾಕಿದ ಹೆಂಗಸು ಹೂದೋಟದಲ್ಲಿ ನಿಂತಿರೋದು, ಇಸ್ತ್ರಿ ಮಾಡಿ ಮೂಡಿಸಿದ ನೀಲಿ ಗೆರೆಗಳು ಇನ್ನೂ ಇದ್ದವು, ಮೂರು ಮೂಲೆ ಮುಗಿದಿತ್ತು, ನಾಲ್ಕನೇದರಲ್ಲಿ ಸೂಜಿ ಹಂಗೇ ಸಿಕ್ಕಿಸಿತ್ತು, ತುಕ್ಕು ಹಿಡಿದು. ತಂದು ಮುಗಿಸಿದೆ. ಅವಳ ಹೂವಿನ ಬಣ್ಣಕ್ಕೆ ಹೊಂದೋ ದಾರ ಹುಡುಕೋಕೇ ಎಷ್ಟೋ ದಿನ ಹಿಡೀತು. ಅವಳ ಹೆಸರು ಗೊತ್ತಿಲ್ಲದ್ದಕ್ಕೆ ಮೂಲೇಲಿ "ಮೂರು ಮೂಲೆ ಮೊದಲಿನವರದ್ದು" ಅಂತ ಕನ್ನಡದಲ್ಲೇ ಹಾಕಿ ಪಕ್ಕಕ್ಕೆ ನನ್ನ ಹೆಸರು ಹಾಕಿದೆ. ಲೈಬ್ರರಿಯ ಅಜ್ಜಿಗೆ ಅರ್ಥ ಹೇಳಿದ್ದಕ್ಕೆ, ಅವರು ಆ ವಾರವೇ ತಮ್ಮ ಹಳೇ ಬ್ಲ್ಯಾಕ್‌ವರ್ಕೆಲ್ಲ ತಂದು ಕೂತು ಒಂದೊಂದರ ಮೂಲೆಗೂ ಹೆಸರು ಹಾಕೋಕೆ ಶುರು ಮಾಡಿದ್ರು.

ಬಾಯೋದ ಮೂಲ ಕಸೂತಿಯನ್ನ 2026ರ ಸೆಪ್ಟೆಂಬರಿನಿಂದ 2027ರ ಜುಲೈವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಡ್ತಾರೆ ಅಂತ ಘೋಷಿಸಿದಾರೆ. ನಮ್ಮ ಗುಂಪೆಲ್ಲ ಕೂಡಿ ಹೋಗೋ ಮಾತು ನಡೀತಿದೆ, ಯುಕ್ರೇನಿನವಳೂ ಬರ್ತಾಳೆ.

ಊರಲ್ಲಿರೋರಿಗೆ ಎರಡು ಮಾತು. ಕಸೂತಿ ಸೀರೆ ತಗೊಳ್ಳೋವಾಗ ಹಾಕಿದೋರು ಯಾರು ಅಂತ ಅಂಗಡೀಲಿ ಕೇಳಿ, ಗೊತ್ತಿಲ್ಲ ಅಂದ್ರೆ ಮುಂದಿನ ಸಲನೂ ಕೇಳಿ. ಮತ್ತೆ ನನಗೆ ನೇಗಿ ಸರಿಯಾಗಿ ಕಲೀಬೇಕಿದೆ, ಉದ್ದ ಗಿಡ್ಡ ಹೊಲಿಗೆಯಲ್ಲಿ ನೇಯ್ದ ಹಂಗೆ ಕಾಣೋ ಆ ದೊಡ್ಡ ತೇರು ಹಾಕೋದು ಆಯಿ ಹತ್ರ ಕಲಿಯೋದು ಉಳಿದೇಹೋಯ್ತು. ಧಾರವಾಡ ಹುಬ್ಬಳ್ಳಿ ಕಡೆ ನೇಗಿ ಚಲೋ ಹಾಕೋ ಅಕ್ಕಾರು ಯಾರಾದ್ರೂ ವಿಡಿಯೋ ಕಾಲ್ ಮೇಲೆ ಕಲಿಸೋಕೆ ತಯಾರಿದ್ರೆ ತಿಳಿಸ್ರಿ, ಶನಿವಾರ ಮಧ್ಯಾಹ್ನ ನಿಮ್ಮಲ್ಲಿ ಊಟ ಆಗಿರೋ ಹೊತ್ತಿಗೆ ನನಗಿಲ್ಲಿ ಬೆಳಿಗ್ಗೆ, ಬೆಳಕೂ ಇರ್ತದೆ. ಫೀಸು ಕೊಡ್ತೀನಿ, ತೇರಿನ ಕೆಳಗೆ ಕಲಿಸಿದೋರ ಹೆಸರೂ ಹಾಕ್ತೀನಿ.