ಗೀಸರ್‌ನ ಕೆಂಪು ದೀಪ

ಬೆಳಿಗ್ಗೆ ತಿಂಡಿಗೆ ಕೂತಿದ್ದೆ. ಊರಿಂದ ಬಂದಿರುವ ಅಮ್ಮ ಬಚ್ಚಲುಮನೆ ಬಾಗಿಲಿಂದಲೇ ಕೂಗಿದರು, "ಇದೇನೋ, ಕೆಂಪು ದೀಪ ಇನ್ನೂ ಉರೀತಿದೆ, ಯಾರು ಸ್ನಾನಕ್ಕೆ ಬಾಕಿ?"

ಯಾರೂ ಇರಲಿಲ್ಲ. ಆರು ಗಂಟೆಗೆ ಹಾಕಿದ ಗೀಸರ್, ಎಲ್ಲರ ಸ್ನಾನ ಮುಗಿದ ಮೇಲೂ ತಾನಾಗೇ ಆರಿ, ಮತ್ತೆ ಹತ್ತಿ, ಯಾರಿಗೂ ಬೇಡದ ನೀರನ್ನು ಸುಮ್ನೆ ಕಾಯಿಸುತ್ತಲೇ ಇತ್ತು.

ನಮ್ಮದು 2000 ವ್ಯಾಟ್‌ನದು. ಅರ್ಧ ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು ನೂರು ಗಂಟೆಗಿಂತ ಜಾಸ್ತಿ ಉರಿಯುತ್ತದೆ. ಮಕ್ಕಳಿಗೆ ಲೈಟ್ ಆರಿಸಿ ಅಂತ ದಿನಾ ಹೇಳುತ್ತೇನೆ, ಅದೂ ಬೇಕು, ಆದರೆ ದೊಡ್ಡ ಖರ್ಚು ಇರುವುದು ಇಲ್ಲೇ ಅಲ್ವಾ.

ಅಜ್ಜಿ ನೆನಪಾದರು. ಹಂಡೆ ನೀರು ಕಾದ ಕೂಡಲೇ ಅರ್ಧ ಉರಿದ ಕೊಳ್ಳಿಯನ್ನು ಹೊರಗೆಳೆದು, ನೀರು ಚಿಮುಕಿಸಿ, ಗೋಡೆಗೆ ಒರಗಿಸಿ ಇಡುತ್ತಿದ್ದರು. ಚುಂಯ್ ಅಂತ ಸದ್ದು, ಹೊಗೆ ವಾಸನೆ. ಉಳಿದ ಕೆಂಡದ ಬಿಸಿಯಲ್ಲೇ ಕೊನೆಯವರ ಸ್ನಾನ. ಕೊಳ್ಳಿ ನಾಳೆಗೆ.

ಇನ್ಮೇಲೆ ನಮ್ಮನೆಯಲ್ಲೂ ಕೊನೆಯವರು ಬಚ್ಚಲಿಗೆ ಹೋಗುವಾಗಲೇ ಸ್ವಿಚ್ ಆಫ್. ಟ್ಯಾಂಕ್‌ನಲ್ಲಿರುವ ಬಿಸಿನೀರು ಒಬ್ಬರಿಗೆ ಧಾರಾಳ ಸಾಕು.

ನಿಮ್ಮನೇದು ಈಗ ಆಫ್ ಇದೆಯಾ? ಒಂದ್ಸಲ ಎದ್ದು ನೋಡಿ ಬನ್ನಿ.